ಕಾವಲುಗಾರನ ನಡತೆ

ಮಡಿಕೇರಿಯ ‘ಸನ್ನಿ ಸೈಡ್’ ಎಂಬ ಹಳೆಯ ಮನೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬಾಲ್ಯದ ಮನೆ ಅದು; 2021ರಿಂದ ಅವರ ಹೆಸರಿನ ಸಂಗ್ರಹಾಲಯವಾಗಿದೆ. ನಾನು ಹೋದ ದಿನ ನನ್ನ ಜೊತೆಗೆ ಪರಿಚಯದ ಒಬ್ಬ ನಿವೃತ್ತ ಸುಬೇದಾರರಿದ್ದರು. ಇವರು ಆಫ್ರಿಕದಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿ ಧರಿಸಿ ಒಂದು ವರ್ಷ ಕಾವಲು ಮಾಡಿ ಬಂದವರು. ಹೊರಗೆ ಬಂದು ಜಗಲಿಯ ಬಳಿ ನಿಂತಾಗ ಅವರು ಪರ್ಸಿನೊಳಗಿನಿಂದ ಅಂಚು ಸವೆದ ಒಂದು ಚೀಟಿಯನ್ನು ತೆಗೆದು ತೋರಿಸಿದರು. ಶಾಂತಿಪಾಲಕ ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಗಳು ಅದರಲ್ಲಿದ್ದವು. ನೆಲದ ಕಾನೂನನ್ನು, ಜನರ ಆಚಾರವನ್ನು ಗೌರವಿಸು, ಹೆಣ್ಣುಮಕ್ಕಳನ್ನು, ಮಕ್ಕಳನ್ನು ದುರುಪಯೋಗ ಮಾಡಿಕೊಳ್ಳಬೇಡ, ಕುಡಿತದಲ್ಲಿ ಮೈಮರೆಯಬೇಡ, ಗುಟ್ಟನ್ನು ಹೊರಗೆಡಹಬೇಡ. “ಇಷ್ಟನ್ನು ಚೀಟಿಯಲ್ಲಿ ಬರೆದುಕೊಡಬೇಕೇ ಸ್ವಾಮಿ? ಮನೆಯಲ್ಲಿ ಅಮ್ಮ ಹೇಳಿಕೊಟ್ಟದ್ದೇ ತಾನೆ” ಎಂದು ನಕ್ಕರು.

ಬರೆದುಕೊಡಬೇಕಾಗಿ ಬಂದ ಕಥೆ ಮಾತ್ರ ನಗುವಂಥದಲ್ಲ. ತಿಮ್ಮಯ್ಯನವರಿಗೆ ಅಂಥ ಚೀಟಿ ಯಾರೂ ಕೊಟ್ಟಿರಲಿಲ್ಲ.

ಕೊರಿಯದ ಯುದ್ಧ 1953ರ ಜುಲೈ 27ರಂದು ನಿಂತಿತು. ಕೈದಿಗಳ ಪ್ರಶ್ನೆ ಉಳಿಯಿತು. ವಿಶ್ವಸಂಸ್ಥೆಯ ಪಕ್ಷದ ವಶದಲ್ಲಿದ್ದ ಚೀನೀ ಮತ್ತು ಕೊರಿಯನ್ ಸೈನಿಕರಲ್ಲಿ 22,000ಕ್ಕೂ ಮಿಕ್ಕು ಮಂದಿ ‘ನಾವು ಊರಿಗೆ ಮರಳೆವು’ ಎನ್ನುತ್ತಿದ್ದರು. ಆ ಕಡೆಯವರ ವಶದಲ್ಲೂ ಅಂಥವರು 359 ಮಂದಿ. ಇವರ ಮನಸ್ಸು ನಿಜವಾಗಿ ಏನು ಎಂದು ತಿಳಿಯುವುದಕ್ಕೆ ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ನೇಮಕವಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಬದಿ, ಪೋಲೆಂಡ್, ಜೆಕೊಸ್ಲೊವಾಕಿಯ ಇನ್ನೊಂದು ಬದಿ. ಐದನೆಯ ಓಟು ಭಾರತದ್ದು, ಅಧ್ಯಕ್ಷತೆ ತಿಮ್ಮಯ್ಯನವರದು. ಕೈದಿಗಳನ್ನು ಕಾಯಲು ಮೇಜರ್ ಜನರಲ್ ತೋರಾಟರ ಕೈಕೆಳಗೆ ಸುಮಾರು 6,000 ಭಾರತೀಯ ಯೋಧರು ಹೋದರು.

ಹೋದ ರೀತಿಯೇ ವಿಚಿತ್ರ. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್ಮನ್ ರೀ ಅವರಿಗೆ ಭಾರತೀಯರನ್ನು ಕಂಡರೆ ಆಗದು. ತಮ್ಮ ನೆಲವನ್ನು ಅವರು ಮೆಟ್ಟಕೂಡದು ಎಂದು ಹಟ ಹಿಡಿದರು. ಆದ್ದರಿಂದ ಇಂಚಾನ್ ಬಂದರಿನಾಚೆ ಹಡಗಿನಿಂದಲೇ ನಮ್ಮ ಸಿಪಾಯಿಗಳನ್ನು ಹೆಲಿಕಾಪ್ಟರುಗಳಲ್ಲಿ ತುಂಬಿ ಸೈನ್ಯರಹಿತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಅವರು ಡೇರೆಗಳ ಊರೊಂದನ್ನು ಕಟ್ಟಿಕೊಂಡು ಅದಕ್ಕೆ ‘ಹಿಂದ್ ನಗರ’ ಎಂದು ಹೆಸರಿಟ್ಟರು. ಎರಡು ಸೈನ್ಯಗಳ ನಡುವಿನ ಯಾರಿಗೂ ಸೇರದ ನೆಲ ಅದು. ಯಾರಿಗೂ ಬೇಡವಾದ ಅತಿಥಿಗಳು ಇವರು.

ಬೇಲಿಯೊಳಗಿನ ಕೈದಿಗಳಾದರೂ ಸುಮ್ಮನಿದ್ದವರಲ್ಲ. ಒಳಗೆ ಅವರದೇ ನಾಯಕರು, ಅವರದೇ ಕಟ್ಟುಪಾಡು, ಅವರದೇ ಶಿಕ್ಷೆ. ಊರಿಗೆ ಹೋಗಬೇಕೆಂದು ಬಯಸಿದವನಿಗೆ ಒಳಗೇ ಪ್ರಾಣಭಯ. ಮೊದಮೊದಲಿಗೇ ಒಬ್ಬ ಭಾರತೀಯ ಅಧಿಕಾರಿಯನ್ನು ಅವರು ಬೇಲಿಯೊಳಕ್ಕೆ ಎಳೆದುಕೊಂಡುಬಿಟ್ಟರು. ಹೊರಗೆ ಬಂದೂಕುಗಳು ಸಿದ್ಧವಾಗಿದ್ದವು. ತೋರಾಟರು ಆಯುಧವಿಲ್ಲದೆ ಒಳಹೋದರು; ಮಾತಿನಲ್ಲೇ ಗುಂಪನ್ನು ತಣಿಸಿ ತಮ್ಮವನನ್ನು ಬಿಡಿಸಿ ತಂದರು. ಯಾವ ಕೈಪಿಡಿಯೂ ಇದನ್ನು ಕಲಿಸಿರಲಿಲ್ಲ. ಹಾಗೆಂದು ಎಲ್ಲ ದಿನವೂ ಹೀಗೆ ಸುಖಾಂತವಾಗಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಬೇಲಿಗೆ ನುಗ್ಗಿದವರ ಮೇಲೆ ಕಾವಲಿನವರು ಗುಂಡು ಹಾರಿಸಿದರು, ಕೈದಿಗಳು ಸತ್ತರು. ಇದನ್ನು ಮುಚ್ಚಿಟ್ಟು ತಿಮ್ಮಯ್ಯನವರನ್ನು ಹೊಗಳುವುದು ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲವೆಂದು ನನ್ನ ನಂಬಿಕೆ.

ನಿಜವಾದ ಪರೀಕ್ಷೆ ಬಂದದ್ದು ‘ವಿವರಣೆ’ಯ ಡೇರೆಗಳಲ್ಲಿ. ಪ್ರತಿ ಕೈದಿಯನ್ನೂ ಒಬ್ಬೊಬ್ಬನಾಗಿ ಡೇರೆಗೆ ಕರೆತರಬೇಕು. ಅವನ ದೇಶದ ಪ್ರತಿನಿಧಿ ಬುದ್ಧಿ ಹೇಳಬೇಕು. ಆಯೋಗದವರು ಕುಳಿತು ನೋಡಬೇಕು. ಕೊನೆಗೆ ಎರಡು ಬಾಗಿಲು. ಒಂದು ತಾಯ್ನಾಡಿಗೆ, ಇನ್ನೊಂದು ಮತ್ತೆ ಬೇಲಿಯೊಳಕ್ಕೆ. ಇದಕ್ಕೆ 90 ದಿನಗಳ ಗಡುವು. ಅನೇಕ ಶಿಬಿರಗಳ ಕೈದಿಗಳು ಡೇರೆಗೆ ಬರುವುದೇ ಇಲ್ಲವೆಂದರು. ಎಳೆದು ತನ್ನಿ ಎಂದರು ಪೋಲೆಂಡ್, ಜೆಕೊಸ್ಲೊವಾಕಿಯದವರು. ಎಳೆದು ತಂದರೆ ನಾವಿಲ್ಲಿ ಇರುವುದಿಲ್ಲ ಎಂಬ ಧೋರಣೆ ಸ್ವಿಸ್ಸರದು. ಐದನೆಯ ಓಟಿನವರು ಏನು ಮಾಡಬೇಕು? ಒಪ್ಪಂದದ ಶರತ್ತಿನಲ್ಲಿ ಬಲಪ್ರಯೋಗವಾಗಲಿ ಅದರ ಬೆದರಿಕೆಯಾಗಲಿ ಕೂಡದು ಎಂದಿತ್ತು. ತಿಮ್ಮಯ್ಯನವರು ಆ ಅಕ್ಷರಕ್ಕೆ ಅಂಟಿಕೊಂಡರು. ಪರಿಣಾಮವಾಗಿ ವಿವರಣೆ ನಡೆದದ್ದು ಬೆರಳೆಣಿಕೆಯ ದಿನ. ಬಹುಪಾಲು ಕೈದಿಗಳ ಮನಸ್ಸನ್ನು ಯಾರೂ ಕೇಳಲೇ ಇಲ್ಲ.

ಇದು ಸೋಲೇ? ಹೌದೆನ್ನುವವರಿದ್ದಾರೆ. ಬೇಲಿಯೊಳಗಿನ ಪುಂಡರ ಆಳ್ವಿಕೆಯನ್ನು ಮುರಿಯದೆ ‘ಸ್ವಇಚ್ಛೆ’ ಎಂದು ಹೇಳುವುದರಲ್ಲಿ ಅರ್ಥವೇನು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಮುರಿಯಹೊರಟಿದ್ದರೆ ಎಷ್ಟು ಹೆಣ ಬೀಳುತ್ತಿದ್ದವು ಎಂಬುದನ್ನೂ ಮರೆಯುವಂತಿಲ್ಲ. 1954ರ ಜನವರಿ 20ರಂದು ಉಳಿದ ಕೈದಿಗಳನ್ನು ಮೊದಲು ಹಿಡಿದಿಟ್ಟಿದ್ದ ಪಕ್ಷಕ್ಕೇ ಒಪ್ಪಿಸಲು ತೊಡಗಿದಾಗ, ‘ಬಿಡುಗಡೆ ಮಾಡುವ ಅಧಿಕಾರ ನನಗಿಲ್ಲ’ ಎಂಬ ಅವರ ನಿಲುವು ಎರಡು ಕಡೆಯವರಿಗೂ ಹಿಡಿಸಲಿಲ್ಲ. ತಟಸ್ಥ ದೇಶಗಳಿಗೆ ಹೋಗುವೆವೆಂದ 80ಕ್ಕೂ ಮಿಕ್ಕ ಕೈದಿಗಳು ನಮ್ಮ ಸೈನಿಕರ ಜೊತೆಗೇ ಹಡಗು ಹತ್ತಿ ಮದರಾಸಿಗೆ ಬಂದರು. ಈ ದಿನಗಳ ಬಗ್ಗೆ ತಿಮ್ಮಯ್ಯನವರು ಬರೆದಿಟ್ಟದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1981ರಲ್ಲಿ ಅಚ್ಚಾಯಿತು.

ಅದೇ 1954ರಲ್ಲಿ ವಿಶ್ವಸಂಸ್ಥೆಯ ಸಲಹಾ ಮಂಡಳಿಯೊಂದು ಅಂತರರಾಷ್ಟ್ರೀಯ ನೌಕರರ ನಡತೆಯ ಮಟ್ಟವೇನಿರಬೇಕೆಂದು ವರದಿ ಬರೆಯಿತು. ಸ್ವಂತ ದೇಶದ ಪ್ರೀತಿಯನ್ನು ತೊರೆಯಬೇಕಾಗಿಲ್ಲ. ಆದರೆ ಯಾವ ಸರ್ಕಾರದ ಅಪ್ಪಣೆಗೂ ಕಿವಿಗೊಡಕೂಡದು ಎಂಬುದು ಅದರ ತಿರುಳು. ಕಚೇರಿಯ ಗುಮಾಸ್ತರಿಗೆ ಇದು ಸಲ್ಲುತ್ತದೆ. ಸಿಪಾಯಿಯ ವಿಷಯ ಬೇರೆ. 1956ರ ಸುಯೆಜ್ ಗಲಭೆಯ ನಂತರ ಸಿನಾಯ್, ಗಾಜಾಗಳಿಗೆ ಮೊದಲ ಶಾಂತಿಪಡೆ ಹೋದಾಗ ಒಂದು ಏರ್ಪಾಡಾಯಿತು. ಸಿಪಾಯಿ ನೀಲಿ ಟೋಪಿ ಧರಿಸುತ್ತಾನೆ, ವಿಶ್ವಸಂಸ್ಥೆಯ ಸೇನಾನಿಯ ಆಜ್ಞೆ ಪಾಲಿಸುತ್ತಾನೆ. ಆದರೆ ತಪ್ಪು ಮಾಡಿದರೆ ವಿಚಾರಣೆ ಅವನ ಸ್ವದೇಶದ್ದು. ಹಾಗಲ್ಲದಿದ್ದರೆ ಯಾವ ದೇಶವೂ ಸೈನಿಕರನ್ನು ಕಳಿಸುತ್ತಿರಲಿಲ್ಲ. ಮುಂದೆ ಬಂದ ಕಷ್ಟಕ್ಕೆಲ್ಲ ಬೀಜ ಇಲ್ಲೇ ಬಿತ್ತು. ತಪ್ಪಿತಸ್ಥನನ್ನು ವಿಮಾನ ಹತ್ತಿಸಿ ಊರಿಗೆ ಕಳಿಸುವುದೇ ವಿಶ್ವಸಂಸ್ಥೆ ಮಾಡಬಹುದಾದ ದೊಡ್ಡ ಶಿಕ್ಷೆ. ಅನ್ಯಾಯಕ್ಕೊಳಗಾದವಳಿಗೆ ಊರಿನಾಚೆ ಏನಾಯಿತೆಂಬ ಸುದ್ದಿಯೂ ತಲುಪುವುದಿಲ್ಲ.

ಕಾಂಬೋಡಿಯದಲ್ಲಿ 1992-93ರ ಕಾರ್ಯಾಚರಣೆಯ ಕಾಲಕ್ಕೆ ಸೈನಿಕರ ನಡತೆಯ ಬಗ್ಗೆ ದೂರು ಹೋದಾಗ, ಬಿಸಿರಕ್ತದ ಹುಡುಗರಲ್ಲವೇ ಎಂಬ ಧಾಟಿಯಲ್ಲಿ ಅದರ ಮುಖ್ಯಸ್ಥ ಯಸುಶಿ ಅಕಾಶಿ ಉತ್ತರಿಸಿ ಜನರ ಕೋಪಕ್ಕೆ ಗುರಿಯಾದರು. ಬಿಳಿಯ ವಾಹನಗಳನ್ನು ವೇಶ್ಯಾಗೃಹಗಳ ಮುಂದೆ ನಿಲ್ಲಿಸಬೇಡಿ ಎಂಬ ಸೂಚನೆಯೂ ಹೊರಟಿತಂತೆ. ಒಳಗೆ ಹೋಗಬೇಡಿ ಎಂದಲ್ಲ, ಗಾಡಿ ನಿಲ್ಲಿಸಬೇಡಿ ಎಂದು! 2003ರ ಅಕ್ಟೋಬರಿನಲ್ಲಿ ಮಹಾಕಾರ್ಯದರ್ಶಿಗಳ ಕಟ್ಟಪ್ಪಣೆ ಬಂತು. ಹದಿನೆಂಟು ತುಂಬದವರ ಸಂಗ ಅಪರಾಧ, ಆ ದೇಶದ ಕಾನೂನು ಏನೇ ಹೇಳಲಿ. ಹಣ, ಕೆಲಸ, ಆಹಾರ ಕೊಟ್ಟು ಪಡೆಯುವುದೂ ಅಪರಾಧ. ಕಂಡವನು ದೂರು ಕೊಡಲೇಬೇಕು. ಮರುವರ್ಷವೇ ಕಾಂಗೋದಿಂದ ಬಂದ ವರದಿಗಳು ಆ ಕಾಗದ ಎಷ್ಟು ತೆಳುವೆಂದು ತೋರಿಸಿದವು. ಹಸಿದ ಹುಡುಗಿಯರಿಗೆ ಸ್ವಲ್ಪ ಆಹಾರವೇ ಬೆಲೆಯಾಗಿತ್ತು. ಜೋರ್ಡಾನಿನ ರಾಯಭಾರಿ ರಾಜಕುಮಾರ ಜೈದ್ 2005ರಲ್ಲಿ ಕೊಟ್ಟ ವರದಿ ಈ ವಿಷಯದಲ್ಲಿ ಮುಚ್ಚುಮರೆ ಮಾಡಲಿಲ್ಲ. ಸೈನಿಕರನ್ನು ಕಳಿಸುವ ದೇಶಗಳ ಒಡಂಬಡಿಕೆಯಲ್ಲೇ ನಡತೆಯ ನಿಯಮ ಸೇರಿದ್ದು 2007ರಲ್ಲಿ. ನಮ್ಮವರೂ ದೂರಿನಿಂದ ದೂರ ಉಳಿಯಲಿಲ್ಲ. ಕಾಂಗೋದಲ್ಲಿದ್ದ ಭಾರತೀಯ ಸೈನಿಕರ ಮೇಲಿನ ಆರೋಪಕ್ಕೆ ಮೇಲ್ನೋಟದ ಸಾಕ್ಷ್ಯವಿದೆ ಎಂದು 2008ರಲ್ಲಿ ವಿಶ್ವಸಂಸ್ಥೆಯೇ ಹೇಳಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಲೈಬೀರಿಯಕ್ಕೆ ಭಾರತದ ಮಹಿಳಾ ಪೊಲೀಸ್ ತುಕಡಿ ಹೋಗಿತ್ತು. ಅಂಥ ತುಕಡಿ ಜಗತ್ತಿನಲ್ಲೇ ಮೊದಲನೆಯದು. ಎರಡೂ ನಮ್ಮವೇ.

ತಿಮ್ಮಯ್ಯನವರು 1964ರಲ್ಲಿ ಮತ್ತೆ ಇಂಥದೇ ಕೆಲಸಕ್ಕೆ, ಸೈಪ್ರಸ್ಸಿನ ಶಾಂತಿಪಡೆಯ ದಂಡನಾಯಕರಾಗಿ ಹೋದರು. ಗ್ರೀಕರಿಗೂ ತುರ್ಕರಿಗೂ ನಡುವೆ ನಿಂತು, ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸಬಾರದೆಂಬ ಕಟ್ಟಿನಲ್ಲಿ ದಿನ ದೂಡಿದರು. 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ನಮ್ಮ ಸುಬೇದಾರರು ಚೀಟಿಯನ್ನು ಮಡಿಚುತ್ತ, ತಮ್ಮ ಠಾಣೆಯ ಬೇಲಿಯ ಹೊರಗೆ ಸಂಜೆ ಹೊತ್ತು ಮಕ್ಕಳು ಬಂದು ನಿಲ್ಲುತ್ತಿದ್ದುದನ್ನು ಹೇಳಿದರು. ಬಿಸ್ಕತ್ತು ಕೇಳುತ್ತಿದ್ದವಂತೆ. ಕೊಡಕೂಡದೆಂಬ ಅಪ್ಪಣೆ, ಇಂದು ಬಿಸ್ಕತ್ತು ಕೊಟ್ಟ ಕೈ ನಾಳೆ ಏನು ಕೇಳೀತೆಂದು ಯಾರಿಗೆ ಗೊತ್ತು? “ಕೊಡಲಿಲ್ಲವೇ?” ಎಂದೆ. “ಇಲ್ಲ” ಎಂದರು. ಸ್ವಲ್ಪ ತಡೆದು, “ನನ್ನ ಮೊಮ್ಮಗನಷ್ಟೇ ಇದ್ದ ಒಬ್ಬ” ಎಂದು ಹೇಳಿ ಗೇಟಿನ ಕಡೆ ನಡೆದರು.