ಚಲಚ್ಚಿತ್ರದಲ್ಲಿ ಹಿನ್ನೆಲೆಯ ಸಂಗೀತ

ದೃಶ್ಯಕಾವ್ಯಕ್ಕೆ ಸಂಗೀತದ ನೆರವು ಬೇಕೆಂಬುದನ್ನು ನಮ್ಮ ಹಿರಿಯರು ಬಹು ಹಿಂದೆಯೇ ಕಂಡುಕೊಂಡಿದ್ದರು. ಪಾತ್ರದ ಪ್ರವೇಶಕ್ಕೊಂದು, ನಿಷ್ಕ್ರಮಣಕ್ಕೊಂದು, ನಡೆಯುತ್ತಿರುವ ರಸವು ಥಟ್ಟನೆ ಬದಲಾದಾಗ ಒಂದು, ಕದಡಿದ ಮನಸ್ಸನ್ನು ತಿಳಿಗೊಳಿಸುವುದಕ್ಕೊಂದು, ಹೀಗೆ ಧ್ರುವಾಗಾನಗಳನ್ನು ಭರತನ ನಾಟ್ಯಶಾಸ್ತ್ರವು ವಿಂಗಡಿಸಿ ಹೇಳುತ್ತದೆ. ನಟನು ಆಡದೆ ಉಳಿಸಿದ ಮಾತನ್ನು ಗಾನವು ಆಡಬೇಕೆಂಬುದೇ ಇದರ ತಾತ್ಪರ್ಯ. ಚಲಚ್ಚಿತ್ರವೆಂಬ ಹೊಸ ಕಲೆಗೆ ಈ ಹಳೆಯ ಸತ್ಯವು ಕೈವಶವಾಗುವುದಕ್ಕೆ ಬಹುಕಾಲ ಹಿಡಿಯಿತು. ಆ ಕಥೆಯನ್ನು ಸಂಕ್ಷೇಪವಾಗಿ ಶ್ರೋತೃಗಳ ಮುಂದಿಡುತ್ತೇನೆ.

೧೮೯೫ನೆಯ ಇಸವಿ ಡಿಸೆಂಬರ್ ೨೮ರಂದು ಲುಮಿಯೇರ್ ಸೋದರರು ಪ್ಯಾರಿಸ್ ನಗರದಲ್ಲಿ ಹಣ ತೆತ್ತು ಬಂದವರಿಗೆ ಚಲಚ್ಚಿತ್ರವನ್ನು ತೋರಿಸಿದರು. ಅಂದಿನ ಚಿತ್ರಗಳು ಮೂಕವಾಗಿದ್ದುವು. ಆದರೆ ಚಿತ್ರಮಂದಿರಗಳು ಮೂಕವಾಗಿರಲಿಲ್ಲ. ಪಶ್ಚಿಮದಲ್ಲಿ ಪಿಯಾನೋ, ನಮ್ಮಲ್ಲಿ ಹಾರ್ಮೋನಿಯಂ ತಬಲಗಳು ಪರದೆಯ ಬಳಿ ನುಡಿಯುತ್ತಿದ್ದುವು. ಯಂತ್ರದ ಸದ್ದನ್ನು ಮರೆಸುವುದೂ ಅವುಗಳಿಗೊಂದು ಕೆಲಸವಾಗಿದ್ದಿತು. ವಾದ್ಯಗಾರನ ಮನೋಧರ್ಮವನ್ನನುಸರಿಸಿ ಒಂದೇ ಚಿತ್ರವು ಒಂದೂರಿನಲ್ಲಿ ಒಂದು ಬಗೆಯಾಗಿಯೂ ಮತ್ತೊಂದೂರಿನಲ್ಲಿ ಮತ್ತೊಂದು ಬಗೆಯಾಗಿಯೂ ತೋರಿದುದುಂಟು. ೧೯೦೮ರಲ್ಲಿ ಫ್ರಾನ್ಸಿನ ಪ್ರಸಿದ್ಧ ಸಂಗೀತಗಾರರಾದ ಸ್ಯಾಂ-ಸಾನ್ಸ್ ಅವರು, ಗೀಸ್ ಪ್ರಭುವಿನ ಕೊಲೆಯನ್ನು ಕುರಿತ ಚಿತ್ರಕ್ಕೆಂದೇ ಸಂಗೀತವನ್ನು ರಚಿಸಿಕೊಟ್ಟರು. ಹೀಗೆ ಚಿತ್ರಕ್ಕೂ ನಾದಕ್ಕೂ ನಿಶ್ಚಿತವಾದ ಸಂಬಂಧವು ಬೆಳೆಯಿತು.

ಬಳಿಕ ವಾಕ್ಚಿತ್ರಗಳು ಬಂದುವು. ೧೯೩೧ರ 'ಆಲಂ ಆರಾ' ಚಿತ್ರದಲ್ಲಿ ಏಳು ಹಾಡುಗಳಿದ್ದುವು. ೧೯೩೪ರಲ್ಲಿ ಕನ್ನಡದ 'ಸತಿ ಸುಲೋಚನಾ' ತೆರೆಕಂಡಿತು. ರಂಗಭೂಮಿಯಿಂದ ಬಂದ ನಟರೊಡನೆ ಅಲ್ಲಿಯ ಹಾಡುಗಾರಿಕೆಯೂ ಚಿತ್ರಕ್ಕೆ ಬಂದಿತು. ಜನರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡರು. ಹಾಡುಗಳ ನಡುವೆ ಮೆಲ್ಲನೆ ನುಡಿಯುವ ವಾದ್ಯಗಳನ್ನು ಗಮನಿಸಿದವರು ವಿರಳ.

ಆ ವಾದ್ಯಗಳ ಶಕ್ತಿ ಎಷ್ಟೆಂಬುದಕ್ಕೆ ೧೯೫೫ರ ಬಂಗಾಳಿ ಚಿತ್ರ 'ಪಥೇರ್ ಪಾಂಚಾಲಿ' ಉತ್ತಮ ನಿದರ್ಶನ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಸತ್ಯಜಿತ್ ರಾಯ್ ಅವರು ಚಿತ್ರವಾಗಿಸಿದರು. ಸಂಗೀತವು ಪಂಡಿತ ರವಿಶಂಕರರದು. ಕಚೇರಿಗಳ ಸಂಚಾರದಲ್ಲಿದ್ದ ಅವರಿಗೆ ಬಿಡುವು ಅತ್ಯಲ್ಪ. ಸುಮಾರು ಹನ್ನೊಂದು ಗಂಟೆಗಳ ಕಾಲ ರಾತ್ರಿಯೆಲ್ಲ ಕುಳಿತು ಕೆಲಸವನ್ನು ಮುಗಿಸಿದರು. ಕೊಳಲಿನಲ್ಲಿ ಕೇಳಿಬರುವ ಮುಖ್ಯ ಧಾಟಿಯು ಜಾನಪದದ ಸೊಗಡುಳ್ಳದ್ದು. ಅದನ್ನು ಕೇಳಿದೊಡನೆಯೇ ಬಂಗಾಳದ ಹಳ್ಳಿಯು ಕಣ್ಣಮುಂದೆ ನಿಲ್ಲುತ್ತದೆ. ಮಳೆಯ ಸನ್ನಿವೇಶದಲ್ಲಿ, ಮಳೆಗಾಲಕ್ಕೆ ಒಪ್ಪುವುದೆಂದು ಸಂಪ್ರದಾಯವು ಹೇಳುವ ದೇಶ್ ರಾಗವು ಸಿತಾರಿನಲ್ಲಿ ಹರಿಯುತ್ತದೆ.

ಆ ಮಳೆಯಲ್ಲಿ ನೆನೆದ ಬಾಲಿಕೆ ದುರ್ಗಾ ಜ್ವರದಿಂದ ತೀರಿಹೋಗುತ್ತಾಳೆ. ತಂದೆ ಹರಿಹರನು ದೂರದಲ್ಲಿದ್ದಾನೆ. ಅವನಿಗೆ ಸುದ್ದಿ ತಿಳಿಯದು. ಊರಿಗೆ ಹಿಂದಿರುಗಿದವನು ತಂದ ವಸ್ತುಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾನೆ; ಮಗಳಿಗೆಂದು ತಂದ ಸೀರೆಯನ್ನೂ ಹೆಂಡತಿಯ ಕೈಗೆ ಕೊಡುತ್ತಾನೆ. ಅಷ್ಟು ಹೊತ್ತು ತಡೆದಿದ್ದ ದುಃಖವು ಆಗ ಕಟ್ಟೆಯೊಡೆಯುತ್ತದೆ. ತಾಯಿ ಅಳುವುದನ್ನು ನಾವು ಕಾಣುತ್ತೇವೆ; ಆದರೆ ಅವಳ ದನಿ ಕೇಳುವುದಿಲ್ಲ. ಅದರ ಸ್ಥಾನದಲ್ಲಿ ದಕ್ಷಿಣಾಮೋಹನ ಠಾಕುರರು ಕಮಾನಿನಿಂದ ನುಡಿಸಿದ ತಾರ್ ಶಹನಾಯಿ ತಾರಸ್ಥಾಯಿಯಲ್ಲಿ ಮೊರೆಯಿಡುತ್ತದೆ. ರಾಗ ಪಟದೀಪ್. ನಿಜವಾದ ರೋದನವು ಕೇಳಿದ್ದರೆ ಅದು ಸರ್ವಜಯಾ ಎಂಬ ಒಬ್ಬ ಹೆಂಗಸಿನ ಅಳುವಾಗುತ್ತಿದ್ದಿತು. ನಾದವಾದುದರಿಂದ ಅದು ಮಕ್ಕಳನ್ನು ಕಳೆದುಕೊಂಡ ಎಲ್ಲ ತಾಯಂದಿರ ಅಳುವಾಯಿತು.

ಹಾಗೆಂದು ಎಲ್ಲೆಡೆಯೂ ವಾದ್ಯವು ನುಡಿಯುತ್ತಲೇ ಇರಬೇಕೆಂದಲ್ಲ. ಅದೇ ಚಿತ್ರದಲ್ಲಿ ಮಕ್ಕಳು ರೈಲನ್ನು ಕಾಣಹೋದಾಗ ನಾವು ಆಲಿಸುವುದು ತಂತಿಕಂಬದ ಝೇಂಕಾರ, ಬಳಿಕ ರೈಲಿನ ಅಬ್ಬರ. ಅಲ್ಲಿ ಮಕ್ಕಳ ಬೆರಗಿಗೆ ಅಷ್ಟೇ ಸಾಕು.

ರವಿಶಂಕರರ ಗುರು ಉಸ್ತಾದ್ ಅಲ್ಲಾವುದ್ದೀನ್ ಖಾನರ ಪರಂಪರೆಯು ಮುಂದೆ ಕನ್ನಡ ಚಿತ್ರಕ್ಕೂ ಬಂದಿತು. ಅವರ ಪುತ್ರ ಅಲಿ ಅಕ್ಬರ್ ಖಾನರ ಶಿಷ್ಯರಾದ ಸರೋದ್ ವಾದಕ ರಾಜೀವ ತಾರಾನಾಥರು ೧೯೭೦ರ 'ಸಂಸ್ಕಾರ' ಚಿತ್ರಕ್ಕೆ ಸಂಗೀತವನ್ನು ನೀಡಿದರು. ಇಂತಹ ಚಿತ್ರವನ್ನು ಇನ್ನೊಮ್ಮೆ ನೋಡುವ ಸಂದರ್ಭವು ಒದಗಿದರೆ, ಸಹೃದಯರು ವಾದ್ಯವು ನುಡಿಯುವ ಎಡೆಯನ್ನೂ ಅದು ಸುಮ್ಮನಾಗುವ ಎಡೆಯನ್ನೂ ಗಮನಿಸಬೇಕೆಂದು ನನ್ನ ಪ್ರಾರ್ಥನೆ.