ತೊಲೆಯ ಕೆಳಗೊಂದು ಕಂಬ

ಹಳೆಯ ಮನೆಯ ದುರಸ್ತಿಗೆ ಕೈ ಹಾಕಿದವರ ಕಣ್ಣಿಗೆ ಮೊದಲು ಚುಚ್ಚುವುದು ನಡುಮನೆಯ ಕಂಬ. ಅದನ್ನು ತೆಗೆಸಿದರೆ ಹಾಲ್ ವಿಶಾಲವಾಗುವುದೆಂದು ಅವರ ಎಣಿಕೆ. ಆ ಕಂಬ ಅಲ್ಲಿಗೆ ಏಕೆ ಬಂದಿತೆಂದು ಕೇಳುವವರು ವಿರಳ.

ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡು ಸೀಮೆಯನ್ನೇ ನೋಡಿ. ಬಂಡೆಗೆ ಬರವಿಲ್ಲ, ಉದ್ದನೆಯ ಒಳ್ಳೆಯ ಮರ ಮಾತ್ರ ಸುಲಭವಲ್ಲ. ಮಾವಿನ ತೋಪುಗಳೇನೋ ಬೇಕಾದಷ್ಟಿವೆ. ಆದರೆ ಮಾವು ಹಲಗೆಗೆ ಆದೀತೇ ಹೊರತು ತೊಲೆಗಲ್ಲ, ಹುಳು ಬೇಗ ಹಿಡಿಯುತ್ತದೆ. ಇಂಥ ಕಡೆ ಗಿಡ್ಡ ತೊಲೆಗಳನ್ನೇ ಕಂಬದ ಮೇಲೆ ಕೂಡಿಸಿ, ಕೂಡಿದೆಡೆ ಬೋದಿಗೆ ಇಡುವುದೇ ಜಾಣತನ. ಆನಿಕೆಗಳ ನಡುವಣ ದೂರ ಅರ್ಧವಾದರೆ, ಹರಡಿದ ಅದೇ ಹೊರೆಗೆ ತೊಲೆ ಬಾಗುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಕಂಬ ಕಿತ್ತವನು ಈ ಲೆಕ್ಕವನ್ನು ತಿರುವುಮುರುವಾಗಿ ಓದಿಕೊಳ್ಳಬೇಕು!

ಇದೇ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ 1781ರಲ್ಲಿ ಬೆಂಗಳೂರಿನಲ್ಲಿ ಒಂದು ಅರಮನೆಯನ್ನು ತೊಡಗಿಸಿದ. 1791ರಲ್ಲಿ ಟಿಪ್ಪು ಮುಗಿಸಿದ. ಅದರ ತೇಗದ ಕಂಬಗಳು ನೆಲಕ್ಕೆ ತಾಗದೆ ಕಲ್ಲಿನ ಪೀಠಗಳ ಮೇಲೆ ನಿಂತಿವೆ. ತೇವವೂ ಗೆದ್ದಲೂ ಮೇಲೇರಲು ಕಲ್ಲನ್ನು ದಾಟಬೇಕು. ಎರಡು ಶತಮಾನ ಕಳೆದರೂ ಮಹಡಿ ನಿಂತೇ ಇದೆ.

ಮರಕ್ಕೆ ಬೆಂಕಿಯ ಭಯವುಂಟು, ಸುಳ್ಳಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮೈಸೂರಿನ ಮರದ ಅರಮನೆ ಸುಟ್ಟಿತು. ಹೆನ್ರಿ ಇರ್ವಿನ್ನನ ಯೋಜನೆಯಂತೆ 1912ರಲ್ಲಿ ಮುಗಿದ ಹೊಸ ಅರಮನೆಗೆ ಕಲ್ಲು, ಇಟ್ಟಿಗೆ, ಕಬ್ಬಿಣ ಬಂದವು. ಆದರೆ ನಮ್ಮ ಸಾಮಾನ್ಯ ಮನೆಗಳನ್ನು ಕೆಡಿಸುವುದು ಬೆಂಕಿಗಿಂತ ಹೆಚ್ಚಾಗಿ ನೀರು.

ಮಾಳಿಗೆ ಸೋರಿತೆಂದು ಮಣ್ಣಿನ ಮೇಲೆ ಸಿಮೆಂಟು ಬಳಿಯುತ್ತಾರೆ. ಮರುವರ್ಷ ಬಿರುಕು ಬಿಟ್ಟರೆ ಇನ್ನೊಂದು ಪದರ. ಹೊರೆ ಹೆಚ್ಚಿತು, ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಒಳಗೇ ಉಳಿಯಿತು. ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ ಮೆತ್ತಿದರೂ ಇದೇ ಗತಿ. ಅಲ್ಲಿ ಸುಣ್ಣದ ಗಾರೆಯೇ ಮೇಲು. ತೊಲೆ ಕೊಳೆಯುವುದು ನಮಗೆ ಕಾಣುವ ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ದಬ್ಬಣದಿಂದ ಚುಚ್ಚಿ ನೋಡಬೇಕು. ಸಲೀಸಾಗಿ ಒಳಗಿಳಿದರೆ ಮರ ಹೋಯಿತೆಂದೇ ತಿಳಿಯಬೇಕು. ಆಗ ಮೊದಲು ಕೆಳಗೆ ಊರೆ ಕೊಟ್ಟು, ಕೊಳೆತಷ್ಟನ್ನು ಕತ್ತರಿಸಿ, ಗಟ್ಟಿ ಮರದ ತುಂಡನ್ನು ಕಬ್ಬಿಣದ ಪಟ್ಟಿ, ಬೋಲ್ಟುಗಳಿಂದ ಬಿಗಿದು, ಗೋಡೆಯಲ್ಲಿ ಅದರ ಸುತ್ತ ಗಾಳಿಯಾಡಲು ಎರಡು ಬೆರಳು ಜಾಗ ಬಿಡಬೇಕು.