ಯು.ಎ.ಇ.ಯಲ್ಲಿ ಉದ್ಯೋಗ: ಕಂಪನಿಗಳು ನಮ್ಮಲ್ಲಿ ಏನನ್ನು ನೋಡುತ್ತವೆ?



ಊರಿನಿಂದ ತಮ್ಮನೋ, ಅಕ್ಕನ ಮಗನೋ ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿಳಿಯುವುದು ನಮ್ಮಲ್ಲಿ ಹಲವರ ಮನೆಯ ಕಥೆ. ಹಾಲ್‌ನಲ್ಲಿ ಅವನ ಹಾಸಿಗೆ, ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು. ವೀಸಾದ ಅವಧಿ 30 ಅಥವಾ 60 ದಿನ. ದಿನ ಕಳೆದಂತೆ ಅವನ ಮುಖವೂ ಬಾಡುತ್ತದೆ, ನಮ್ಮ ಮುಖವೂ ಬಾಡುತ್ತದೆ. ಇಂಥವರ ಬಯೋಡಾಟಾ ತಿದ್ದಿಕೊಡುವುದು, ಆಫೀಸಿನಲ್ಲಿ ಸಂದರ್ಶನ ಮಾಡುವವರ ಸಾಲಿನಲ್ಲಿ ಕೂರುವುದು, ಎರಡೂ ನಮಗೆ ರೂಢಿಯಾಗಿದೆ. ಆ ಅನುಭವದಿಂದ ತಿಳಿದ ಕೆಲವು ವಿಷಯಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

1. ಮಾಡಿದ ಕೆಲಸವನ್ನು ವಿವರಿಸುವ ಶಕ್ತಿ

ಒಮ್ಮೆ ಒಬ್ಬ ಹುಡುಗನ ಬಯೋಡಾಟಾದಲ್ಲಿ ಹನ್ನೆರಡು ತಂತ್ರಜ್ಞಾನಗಳ ಹೆಸರಿತ್ತು. "ಈ ಪ್ರಾಜೆಕ್ಟಿನಲ್ಲಿ ನೀವು ಮಾಡಿದ ಭಾಗ ಯಾವುದು?" ಎಂದು ಕೇಳಿದೆವು. "ಟೀಮಿನಲ್ಲಿ ಎಲ್ಲ ಸೇರಿ ಮಾಡಿದೆವು ಸರ್" ಎನ್ನುವುದರ ಮುಂದೆ ಮಾತು ಹೋಗಲಿಲ್ಲ. ಅದೇ ದಿನ ಬಂದ ಒಬ್ಬ ಹುಡುಗಿ ಎರಡು ಪ್ರಶ್ನೆಗಳಿಗೆ "ಇದು ನನಗೆ ಗೊತ್ತಿಲ್ಲ" ಎಂದೇ ಹೇಳಿದಳು. ಆದರೆ ತಾನು ಹಿಂದೆ ಕಂಡುಹಿಡಿದ ಒಂದು ದೋಷವನ್ನು ಮೊದಲು ಎಲ್ಲಿ ಹುಡುಕಿದೆ, ಎಲ್ಲಿ ತಪ್ಪಿದೆ, ಕೊನೆಗೆ ಹೇಗೆ ಸಿಕ್ಕಿತು ಎಂದು ಹಂತ ಹಂತವಾಗಿ ತಿಳಿಸಿದಳು. ಕೆಲಸ ಸಿಕ್ಕಿದ್ದು ಅವಳಿಗೆ.

ಜಗತ್ತಿನ ಬೇರೆಡೆಯೂ ಹೀಗೆಯೇ ಇದೆ. ವಿಶ್ವ ಆರ್ಥಿಕ ವೇದಿಕೆಯ 2025ರ ಉದ್ಯೋಗ ವರದಿಯಲ್ಲಿ ಹತ್ತರಲ್ಲಿ ಏಳು ಕಂಪನಿಗಳು ವಿಶ್ಲೇಷಿಸಿ ಯೋಚಿಸುವ ಶಕ್ತಿ ಅತ್ಯಗತ್ಯ ಎಂದಿವೆ. ಬದಲಾವಣೆಗೆ ಹೊಂದಿಕೊಳ್ಳುವ ಗುಣಕ್ಕೆ ಅದರ ನಂತರದ ಸ್ಥಾನ.

2. ಭಾಷೆಗಳು

ಇಲ್ಲಿ ಇಂಗ್ಲಿಷ್ ಇಲ್ಲದೆ ಹೆಚ್ಚಿನ ಆಫೀಸು ಕೆಲಸ ನಡೆಯುವುದಿಲ್ಲ. ವ್ಯಾಕರಣಕ್ಕಿಂತ ಸ್ಪಷ್ಟತೆ ಮುಖ್ಯ. ನಾಲ್ಕು ಸಾಲಿನಲ್ಲಿ ಒಂದು ಇ-ಮೇಲ್ ಬರೆಯಲು ಬರಬೇಕು. ಅರಬ್ಬಿ ಸ್ವಲ್ಪ ಬಂದರೂ ಗ್ರಾಹಕರೊಂದಿಗಿನ ಕೆಲಸಗಳಲ್ಲಿ ಅನುಕೂಲ.

ನಮ್ಮವರು ಮರೆಯುವ ಒಂದು ಸಂಗತಿಯಿದೆ. ಮಂಗಳೂರು, ಉಡುಪಿ, ಕಾಸರಗೋಡಿನ ಹುಡುಗರಲ್ಲಿ ಅನೇಕರು ಕನ್ನಡ, ತುಳು, ಕೊಂಕಣಿ ಅಥವಾ ಬ್ಯಾರಿಯ ಜೊತೆಗೆ ಹಿಂದಿ, ಮಲಯಾಳಂ ಕೂಡ ಮಾತನಾಡುತ್ತಾರೆ. ಹಲವು ದೇಶ, ಹಲವು ರಾಜ್ಯದವರು ಸೇರಿ ದುಡಿಯುವ ಈ ನಾಡಿನಲ್ಲಿ ಅದು ದೊಡ್ಡ ಅರ್ಹತೆ. ಆದರೆ ಬಯೋಡಾಟಾದಲ್ಲಿ ಮಾತ್ರ ಬರೆದಿರುವುದಿಲ್ಲ!

3. ಹೊಂದಾಣಿಕೆ ಮತ್ತು ಸಮಯಪಾಲನೆ

ಒಂದೇ ಮೇಜಿನ ಸುತ್ತ ಈಜಿಪ್ಟ್, ಫಿಲಿಪ್ಪೀನ್ಸ್, ಪಾಕಿಸ್ತಾನ, ಬ್ರಿಟನ್ನಿನವರು ಇರುತ್ತಾರೆ. ರಂಜಾನ್ ತಿಂಗಳಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ, ಉಪವಾಸ ಇರುವವರ ಬಗ್ಗೆ ಗೌರವ ಇರಬೇಕು. ನಮ್ಮವರ ಇನ್ನೊಂದು ಅಭ್ಯಾಸ, ಎಲ್ಲದಕ್ಕೂ "ಆಗುತ್ತದೆ ಸರ್" ಎನ್ನುವುದು. ಆಗದ ಕೆಲಸವನ್ನು ಮೊದಲೇ ಹೇಳುವವನ ಮೇಲೆಯೇ ಮ್ಯಾನೇಜರಿಗೆ ನಂಬಿಕೆ ಬರುವುದು.

4. ಪ್ರಾಮಾಣಿಕತೆ, ಸರಿಯಾದ ದಾಖಲೆ

ಇಲ್ಲದ ಅನುಭವವನ್ನು ಬರೆದವರು ಇಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಪದವಿ ಪತ್ರಕ್ಕೆ ಊರಿನಲ್ಲಿ ರಾಜ್ಯ ಮಟ್ಟದ ಪರಿಶೀಲನೆ, ನಂತರ ಭಾರತದ ವಿದೇಶಾಂಗ ಸಚಿವಾಲಯ, ಭಾರತದಲ್ಲಿರುವ ಯು.ಎ.ಇ. ರಾಯಭಾರ ಕಚೇರಿ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯ, ಹೀಗೆ ಸಾಲಾಗಿ ದೃಢೀಕರಣ ಆಗಬೇಕು. ನರ್ಸ್, ವೈದ್ಯರಿಗೆ ದುಬೈಯಲ್ಲಿ ದುಬೈ ಆರೋಗ್ಯ ಪ್ರಾಧಿಕಾರದ, ಅಬುಧಾಬಿಯಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಪರವಾನಗಿ ಬೇಕು. ಅದಕ್ಕಾಗಿ ಓದಿದ ಕಾಲೇಜು ಮತ್ತು ದುಡಿದ ಆಸ್ಪತ್ರೆಯಿಂದಲೇ ನೇರವಾಗಿ ಮಾಹಿತಿ ತರಿಸಿಕೊಳ್ಳುತ್ತಾರೆ.

ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇರುವುದು ಕರ್ನಾಟಕದವರಿಗೆ ಸಾಮಾನ್ಯ. ಈ ವ್ಯತ್ಯಾಸವನ್ನು ಊರಿನಲ್ಲಿದ್ದಾಗಲೇ ಸರಿಪಡಿಸಿಕೊಂಡು ಬರುವುದು ಒಳ್ಳೆಯದು.

5. ಕಲಿಯುತ್ತಲೇ ಇರುವ ಮನಸ್ಸು

ಈಗಿನ ಮುಖ್ಯ ಕೌಶಲಗಳಲ್ಲಿ ಶೇಕಡಾ 39ರಷ್ಟು 2030ರೊಳಗೆ ಬದಲಾಗಬಹುದು ಎಂದು ಅದೇ ವರದಿ ಅಂದಾಜು ಮಾಡಿದೆ. ನಾವು ಎಂ.ಎಸ್ಸಿ.ಯಲ್ಲಿ ಕಲಿತದ್ದರಲ್ಲಿ ಎಷ್ಟೋ ಈಗ ಬಳಕೆಯಲ್ಲಿಲ್ಲ. ಕಲಿಯುವ ಅಭ್ಯಾಸ ಮಾತ್ರ ಅನ್ನ ಕೊಡುತ್ತಿದೆ.

ಕಾನೂನೂ ತಿಳಿದಿರಲಿ

* 2021ರ 33ನೇ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರಂತೆ ನೇಮಕಾತಿಯ ಖರ್ಚನ್ನು ಕಂಪನಿ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. "ವೀಸಾಕ್ಕೆ ಇಷ್ಟು ಹಣ ಕೊಡು" ಎನ್ನುವವರಿಂದ ದೂರವಿರಿ.
* ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ತೆಗೆಯುವುದಾದರೂ ಕಂಪನಿ 14 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು.
* ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಪರವಾನಗಿ ಇಲ್ಲದೆ ದುಡಿಸಿಕೊಳ್ಳುವ ಕಂಪನಿಗೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡವಿದೆ.
* ಉದ್ಯೋಗ ಹುಡುಕಲೆಂದೇ 60, 90, 120 ದಿನಗಳ ಪ್ರತ್ಯೇಕ ವೀಸಾ 2022ರಲ್ಲಿ ಬಂದಿದೆ. ಅದಕ್ಕೆ ವಿದ್ಯಾರ್ಹತೆಯ ನಿಬಂಧನೆಗಳಿವೆ.
* 2023ರ ಜನವರಿಯಿಂದ ಉದ್ಯೋಗ ನಷ್ಟ ವಿಮೆ ಇದೆ. ಮೂಲ ವೇತನ 16,000 ದಿರ್ಹಮ್‌ವರೆಗೆ ಇದ್ದರೆ ತಿಂಗಳಿಗೆ 5, ಹೆಚ್ಚಿದ್ದರೆ 10 ದಿರ್ಹಮ್. ಸತತ 12 ತಿಂಗಳು ಕಟ್ಟಿದವರು ತಮ್ಮ ತಪ್ಪಿಲ್ಲದೆ ಕೆಲಸ ಕಳೆದುಕೊಂಡರೆ ಮೂಲ ವೇತನದ ಶೇಕಡಾ 60ರಂತೆ ಗರಿಷ್ಠ ಮೂರು ತಿಂಗಳು ಸಿಗುತ್ತದೆ. ಇದಕ್ಕೆ ಒಂದು ಮಿತಿಯೂ ಇದೆ.

ಮನೆಯವರಿಗೆ ಒಂದು ಮಾತು

ಬಂದವನನ್ನು ದಿನವೂ "ಏನಾಯಿತು?" ಎಂದು ಕೇಳುವ ಬದಲು, ಶನಿವಾರ ಸಂಜೆ ಅರ್ಧ ಗಂಟೆ ಅವನಿಗೆ ಇಂಗ್ಲಿಷಿನಲ್ಲಿ ಸಂದರ್ಶನ ಮಾಡಿ. ಅವನ ಬಯೋಡಾಟಾವನ್ನು ಎರಡು ಪುಟಕ್ಕೆ ಇಳಿಸಿ. ಅವಧಿ ಮುಗಿಯಿತೆಂಬ ಹೆದರಿಕೆಯಲ್ಲಿ ಆಫರ್ ಲೆಟರನ್ನು ಓದದೆ ಸಹಿ ಹಾಕಲು ಬಿಡಬೇಡಿ. ಅಮ್ಮನ ಒಡವೆ ಅಡವಿಟ್ಟು ಟಿಕೆಟ್ ಕೊಂಡವರೂ ನಮ್ಮ ನಡುವೆ ಇದ್ದಾರೆ. ಕೆಲಸ ಸಿಗದೆ ಹಿಂದಿರುಗುವುದು ಸೋಲಲ್ಲ. ದಾಖಲೆ ಸರಿಮಾಡಿಕೊಂಡು, ಒಂದು ವಿದ್ಯೆ ಹೆಚ್ಚಿಗೆ ಕಲಿತು ಮತ್ತೆ ಬಂದು ನೆಲೆಯೂರಿದವರೂ ನಮ್ಮಲ್ಲಿ ಅನೇಕರಿದ್ದಾರೆ.

ಉದ್ಯೋಗ ಹುಡುಕುತ್ತಿರುವ ಎಲ್ಲ ಕನ್ನಡಿಗರಿಗೂ ಶುಭವಾಗಲಿ.